ಬೋಲ್ಟಿಗೆ ಇಟ್ಟ ಕುಂಕುಮ

ನನಗೆ ಸಿಟ್ಟು ಬೇಗ ಬರುತ್ತದೆ. ಬೇರೆ ಯಾರೋ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ನನ್ನ ಹೆಂಡತಿ ಮೆಹನಾಜ್ ಪ್ರಕಾರ ನಮ್ಮ ವರ್ಕ್‌ಶಾಪಿನಲ್ಲಿ ಎಂಜಿನ್ನಿಗಿಂತ ಮೊದಲು ಬಿಸಿಯಾಗುವವನು ನಾನು. ಆದರೆ ಆ ದಿನದ ಸಿಟ್ಟಿಗೆ ಕಾರಣವಿತ್ತು, ಕೇಳಿ.

ಚಳ್ಳಕೆರೆಯ ಪಾವಗಡ ರಸ್ತೆಯಲ್ಲಿ ಶೇಂಗಾ ಎಣ್ಣೆ ಮಿಲ್ಲಿನ ಪಕ್ಕ ನಮ್ಮ ವರ್ಕ್‌ಶಾಪ್ ಇದೆ. ಅದರ ಹಿಂದೆಯೇ ಮನೆ. ನಮ್ಮ ಅಬ್ಬಾ ಬಾಬು ಸಾಬ್ ಇದನ್ನು ಶುರು ಮಾಡಿ ನಲವತ್ತು ವರ್ಷವಾಯಿತು. ಈಗ ಅವರ ಕೈ ನಡುಗುತ್ತದೆ, ಸ್ಪ್ಯಾನರ್ ಹಿಡಿಯುವುದಿಲ್ಲ. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತು, ರಸ್ತೆಯಲ್ಲಿ ಹೋಗುವ ಗಾಡಿಗಳ ಸದ್ದು ಕೇಳಿಯೇ ಯಾವುದಕ್ಕೆ ಏನು ಕಾಯಿಲೆ ಎಂದು ಹೇಳುತ್ತಾರೆ. ಸುತ್ತ ಮೂರು ತಾಲ್ಲೂಕಿನಲ್ಲಿ ಒಂದು ಮಾತಿದೆ: ಬಾಬು ಸಾಬ್ ಕಟ್ಟಿದ ಎಂಜಿನ್ ವಾಪಸ್ ಬರುವುದಿಲ್ಲ. ಅದನ್ನು ನಾವು ಬೋರ್ಡಿನ ಮೇಲೆ ಬರೆಸಿಲ್ಲ, ಬರೆಸುವ ಅಗತ್ಯವೂ ಬಿದ್ದಿಲ್ಲ. ನಾನು ಎಂಜಿನ್ ಕಟ್ಟತೊಡಗಿ ಹತ್ತೊಂಬತ್ತು ವರ್ಷ. ನನ್ನದೂ ಒಂದೇ ಒಂದು ವಾಪಸ್ ಬಂದಿರಲಿಲ್ಲ. ಹೊಲ ಗದ್ದೆ ಅಂತ ನಮಗೇನೂ ಇಲ್ಲ, ಇರುವುದು ಈ ಮಾತೊಂದೇ. ಅಬ್ಬಾನ ಕಣ್ಣೆದುರಿಗೇ ಅದನ್ನು ಕಳೆದವನು ನಾನಾಗಬಾರದು ಎಂಬುದೇ ನನ್ನ ದೊಡ್ಡ ಹೆದರಿಕೆಯಾಗಿತ್ತು.

ಹಾಗಿರುವಾಗ ದೀಪಾವಳಿ ಮುಗಿದ ವಾರ, ಮೊಳಕಾಲ್ಮೂರಿನ ಪ್ರೇಮಲತಕ್ಕನ ವ್ಯಾನು ಲಗೇಜ್ ಗಾಡಿಯೊಂದಕ್ಕೆ ಹಗ್ಗ ಕಟ್ಟಿಸಿಕೊಂಡು ನಮ್ಮ ಬಾಗಿಲಿಗೆ ಬಂತು. ಬೆಳಿಗ್ಗೆ ಸಂಜೆ ಶಾಲೆ ಮಕ್ಕಳನ್ನು ಬಿಡುವುದು, ನಡುವೆ ನೇಕಾರರ ಮನೆಗಳಿಗೆ ರೇಷ್ಮೆ ನೂಲು ಮುಟ್ಟಿಸುವುದು ಅವಳ ಕೆಲಸ. ವ್ಯಾನು ಅವಳದೇ, ಓಡಿಸುವವಳೂ ಅವಳೇ. ಆಗಸ್ಟ್ ಕೊನೆಯಲ್ಲಿ ಅದರ ಎಂಜಿನ್ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿಕೊಟ್ಟಿದ್ದೆ. ಆರು ತಿಂಗಳು ಗ್ಯಾರಂಟಿ ಎಂದು ಎದೆ ತಟ್ಟಿ ಹೇಳಿದ್ದೆ.

ಅವಳು ಇಳಿದವಳೇ ಶುರು ಮಾಡಿದಳು. "ಶಹನವಾಜಣ್ಣಾ, ನಿಮ್ಮ ಎಂಜಿನ್ ನೀವೇ ಇಟ್ಕೊಳ್ರಿ! ನಿನ್ನೆ ಬಿ.ಜಿ. ಕೆರೆ ದಾಟಿದ ಮೇಲೆ ಕಟಕಟ ಅಂತು, ಜಾಮ್ ಆಗಿ ನಿಂತೇ ಹೋತು. ಪುಣ್ಯಕ್ಕೆ ಮಕ್ಕಳು ಇರ್ಲಿಲ್ಲ. ಮೂರು ತಿಂಗಳೂ ಆಗಿಲ್ಲಣ್ಣಾ!"

"ಹಂಗೆ ಆಗೋದೇ ಇಲ್ಲಕ್ಕಾ," ಎಂದೆ ನಾನು. ಅಬ್ಬಾ ಕುರ್ಚಿಯಲ್ಲಿ ನೆಟ್ಟಗೆ ಕೂತರು.

ಈ ವ್ಯಾನಿನಲ್ಲಿ ಎಂಜಿನ್ ಇರುವುದು ಡ್ರೈವರ್ ಸೀಟಿನ ಕೆಳಗೆ. ಸೀಟು ಎತ್ತಿದೆ, ನೋಡಿದೆ, ಸಿಟ್ಟು ನೆತ್ತಿಗೇರಿತು. ನಾನು ಕಟ್ಟಿದ ಪ್ರತಿ ಎಂಜಿನ್ನಿನ ಬೋಲ್ಟುಗಳ ಮೇಲೂ ಒಂದೊಂದು ಕೆಂಪು ಪೇಂಟಿನ ಗೆರೆ ಎಳೆಯುತ್ತೇನೆ, ಅರ್ಧ ಬೋಲ್ಟಿನ ಮೇಲೆ, ಅರ್ಧ ಎಂಜಿನ್ನಿನ ಮೇಲೆ. ಬೇರೆ ಯಾರಾದರೂ ಬೋಲ್ಟು ತಿರುಗಿಸಿದರೆ ಗೆರೆ ಮುರಿಯುತ್ತದೆ. ಅದು ನನ್ನ ಸೀಲು. ಗೆರೆ ಇದ್ದರೆ ಗ್ಯಾರಂಟಿ ಇದೆ, ಗೆರೆ ಮುರಿದರೆ ಇಲ್ಲ. ಇಲ್ಲಿ ನೋಡಿದರೆ ಒಂದು ಗೆರೆಯೂ ಇಲ್ಲ! ಗೆರೆ ಇದ್ದ ಕಡೆಯಲ್ಲೆಲ್ಲ ಅರಿಶಿನ ಹಚ್ಚಿ ದುಂಡಗೆ ಕುಂಕುಮ ಇಟ್ಟಿದ್ದರು.

"ಯಾರ್ರೀ ಬಿಚ್ಚಿದ್ದು ಇದನ್ನ?"

"ಯಾರೂ ಬಿಚ್ಚಿಲ್ಲ."

"ಮತ್ತೆ ಸೀಲು ಎಲ್ಲಿ ಹೋತು? ಇರುವೆ ತಿಂದ್ವಾ? ಊರಾಗೆ ಯಾರ ಕೈಲೋ ಬಿಚ್ಚಿಸಿ, ಕೆಡಿಸ್ಕೊಂಡು, ಮೇಲೆ ಕುಂಕುಮ ಬಳಿದು ನನ್ನ ತಲೆಗೆ ಕಟ್ಟಾಕೆ ಬಂದೀರಾ?"

"ನೋಡ್ರಣ್ಣಾ, ಬಾಯಿಗೆ ಬಂದಂಗೆ ಮಾತಾಡಬ್ಯಾಡ್ರಿ! ಕುಣಿಯಾಕೆ ಬಾರದವ್ಳು ನೆಲ ಡೊಂಕು ಅಂದ್ಳಂತೆ, ಹಂಗಾತು ನಿಮ್ಮ ಕಥೆ. ಕೆಲಸ ನೆಟ್ಟಗೆ ಮಾಡಿದ್ರೆ ಬಣ್ಣ ಯಾಕೆ ಬೇಕು?"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಟಿ ನೋಡ್ಕೋತೀರಿ?"

ಅಷ್ಟೇ ಸಾಕಾಯಿತು. ಅವಳೂ ಕಡಿಮೆಯಿಲ್ಲ, ನಾನೂ ಕಡಿಮೆಯಿಲ್ಲ. ಮಿಲ್ಲಿನ ಹಮಾಲರು ಚೀಲ ಇಳಿಸುವುದು ಬಿಟ್ಟು ಗೋಡೆಗೆ ಒರಗಿ ನಿಂತರು. ನನಗೆ ಹತ್ತು ಜನ ನೋಡುತ್ತಿದ್ದಾರೆಂದರೆ ದನಿ ಇನ್ನೂ ಏರುತ್ತದೆ, ಏನು ಮಾಡಲಿ, ಹುಟ್ಟುಗುಣ. ಗ್ಯಾರಂಟಿ ಇಲ್ಲ, ಎಲ್ಲಿ ಬೇಕಾದರೂ ಹೋಗಿ ಹೇಳಿಕೊಳ್ಳಿ ಎಂದುಬಿಟ್ಟೆ.

ಆಗ ವ್ಯಾನಿನ ಹಿಂದಿನ ಬಾಗಿಲು ಕಿರ್‍ರೆಂದು ಸರಿಯಿತು. ಪ್ರೇಮಲತಕ್ಕನ ಅತ್ತೆ ಯರ್ರಮ್ಮ, ಎಲೆ ಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಲ್ಲಗೆ ಇಳಿದರು. ಕೆಟ್ಟ ವ್ಯಾನನ್ನೂ ಒಂಟಿಯಾಗಿ ಕಳಿಸಲು ಮನಸ್ಸಾಗದೆ ಜೊತೆಗೆ ಬಂದಿದ್ದರಂತೆ.

"ಏಮಯ್ಯಿಂದಿ? ಏನಾತು? ಯಾಕಿಂಗೆ ಅರಚ್ತೀರಿ? ಮಲಗಿದ್ದೋಳಿಗೆ ಎಚ್ಚರಾತು."

ನಾನು ಸೀಟು ಎತ್ತಿ ಬೆರಳು ತೋರಿಸಿದೆ. "ನೋಡ್ರವ್ವಾ, ಇಲ್ಲಿ ಕೆಂಪು ಗೆರೆ ಇದ್ವು. ಈಗ ಇಲ್ಲ. ಯಾರು ತೆಗೆದ್ರು ಅಂತ ನಿಮ್ಮ ಸೊಸೇನ ಕೇಳ್ರಿ."

ಮುದುಕಿ ಬಗ್ಗಿ ನೋಡಿದರು. ಮುಖ ಅರಳಿತು. "ಅಯ್ಯೋ ನಾಯನಾ, ಅದಾ? ಅದು ನಾನೇ ತೊಳ್ದೆ!"

ಸೀಟಿನ ಅಂಚು ಹಿಡಿದು ಮುದುಕಿ ಮುಂದುವರಿಸಿದರು.

"ಆಯುಧ ಪೂಜೆ ದಿನ ವ್ಯಾನ್ ತೊಳೀತಾ ಸೀಟ್ ಎತ್ತಿದೆ. ಒಳಗೆಲ್ಲ ಕೆಂಪಗೆ ಕುಂಕುಮ! ಅಬ್ಬಬ್ಬಾ, ಸಾಬ್ರೂ ಎಂಜಿನ್‌ಗೆ ಪೂಜೆ ಮಾಡ್ಯಾರಲ್ಲ, ಎಷ್ಟು ಭಕ್ತಿ ಐತೆ ಅಂತ ಕೈ ಮುಗ್ದೆ. ಹಳೇ ಕುಂಕುಮದ ಮೇಲೆ ಹೊಸದು ಇಡಬಾರ್ದಲ್ಲ? ರೇಷ್ಮೆ ಬೇಯಿಸೋ ಸೋಡಾ ಹಾಕಿ ಉಜ್ಜಿದೆ, ಉಜ್ಜಿದೆ, ಹೋಗ್ಲೇ ಒಲ್ದು, ಕೊನೆಗೆ ಹೋತು. ಅದೆಲ್ಲಿಂದ ತಂದ್ಯೋ ಮಗಾ ಅಂಥ ಗಟ್ಟಿ ಕುಂಕುಮ?"

ಮೊದಲು ನಕ್ಕವರು ಅಬ್ಬಾ. ನಕ್ಕು ನಕ್ಕು ಕೆಮ್ಮು ಬಂತು. ಹಮಾಲರು ಗೋಡೆ ಹಿಡಿದು ನಕ್ಕರು. ಪ್ರೇಮಲತಕ್ಕ ಹಣೆ ಚಚ್ಚಿಕೊಂಡು, "ಅತ್ತೇ, ಏನ್ ಮಾಡಿಟ್ರಿ!" ಎಂದವಳು ತಾನೂ ಸೆರಗು ಬಾಯಿಗೆ ಒತ್ತಿಕೊಂಡಳು. ನನಗೂ ನಗು ತಡೆಯಲಾಗಲಿಲ್ಲ. ಆದರೆ ನಗು ಬಂತೆಂದು ಜಿದ್ದು ಬಿಡುವ ಪೈಕಿ ನಾನಲ್ಲ.

"ಆಯ್ತವ್ವಾ, ಗೆರೆ ಅಳಿಸಿದ್ದು ನೀವೇ. ಆದ್ರೂ ಯಾರೂ ಬಿಚ್ಚಿಲ್ಲ ಅನ್ನಾಕೆ ಸಾಕ್ಷಿ ಏನೈತೆ?"

"ಸಾಕ್ಷಿ ಒಳಗೈತೆ," ಎಂದರು ಅಬ್ಬಾ. "ಕೆಳಗಿನ ಎಣ್ಣೆ ಚೇಂಬರ್ ಬಿಚ್ಚು. ಎಣ್ಣೆ ನೀರು ನೋಡದಂಗೆ ಓಡಿಸಿದ್ರೆ ತಪ್ಪು ಅವರ್ದು. ಕೈ ಕೆಲಸದಾಗೆ ಐಬು ಇದ್ರೆ ನಮ್ದು. ಬಾಯಿ ಯಾಕೆ ನೋಯಿಸ್ಕೋತೀಯಾ?"

ಎಲ್ಲರೂ ಒಪ್ಪಿದರು. ಅಬ್ಬಾ ಅತ್ತೆ ಸೊಸೆ ಇಬ್ಬರನ್ನೂ ಚಹಾ ಕುಡಿಯಲು ಒಳಗೆ ಮನೆಗೆ ಕರೆದುಕೊಂಡು ಹೋದರು. ನಾನು ಒಬ್ಬನೇ ವ್ಯಾನಿನ ಕೆಳಗೆ ಮಲಗಿದೆ.

ಎಣ್ಣೆ ಇಳಿಸಿದೆ. ಇರಬೇಕಾದ್ದಕ್ಕಿಂತ ಸ್ವಲ್ಪ ಕಡಿಮೆಯಿತ್ತು. ಸಿಕ್ಕಿತು ಎಂದು ಖುಷಿಯಾಯಿತು. ಎಣ್ಣೆ ಕಮ್ಮಿ ಮಾಡಿಕೊಂಡು ಓಡಿಸಿದ್ದಾರೆ, ತಪ್ಪು ಅವರದೇ, ನಮ್ಮ ಮಾತು ಉಳಿಯಿತು! ಸೀಟಿ ಹಾಕುತ್ತಲೇ ಚೇಂಬರ್ ಕೆಳಗಿಳಿಸಿದೆ. ಎಣ್ಣೆಯನ್ನು ಮೇಲಕ್ಕೆ ಎಳೆಯುವ ಕೊಳವೆಯ ಬಾಯಿಗೆ ಒಂದು ಜಾಲರಿ ಇರುತ್ತದೆ. ಆ ಜಾಲರಿಗೆ ಏನೋ ಸುತ್ತಿಕೊಂಡಿತ್ತು. ಬಿಡಿಸಿ ಬೆಳಕಿಗೆ ಹಿಡಿದೆ. ಬಟ್ಟೆ ಚೂರು. ಹಸಿರು, ಮೇಲೆ ಬಿಳಿ ಚುಕ್ಕಿ. ಮೆಹನಾಜಳ ಹಳೆಯ ದುಪಟ್ಟಾ. ಕೈ ಒರೆಸಲು ಹರಿದು ಇಟ್ಟುಕೊಂಡಿದ್ದೆ. ಎಂಜಿನ್ ಕಟ್ಟುವಾಗ ಒಳಗೇ ಬಿಟ್ಟು ಮುಚ್ಚಿದ್ದೆ. ಅದು ದಿನಾ ಒಂದಿಷ್ಟು ಜಾಲರಿಗೆ ಸೇರಿಕೊಂಡು, ಕೊನೆಗೆ ಎಣ್ಣೆಯೇ ಏರದ ಹಾಗೆ ಬಾಯಿ ಮುಚ್ಚಿತ್ತು. ಕೆಡಿಸಿದ್ದು ಊರಿನ ಮೆಕ್ಯಾನಿಕ್ಕೂ ಅಲ್ಲ, ಎಣ್ಣೆ ಕಮ್ಮಿಯೂ ಅಲ್ಲ, ನಾನೇ.

ಅತ್ತ ಇತ್ತ ನೋಡಿದೆ. ಯಾರೂ ಇರಲಿಲ್ಲ. ಬಟ್ಟೆಯನ್ನು ಹಿಂಡಿ ಪ್ಯಾಂಟಿನ ಜೇಬಿಗೆ ತುರುಕಿದೆ. ಹೌದು, ತುರುಕಿದೆ. ದೊಡ್ಡ ಮನುಷ್ಯನ ಹಾಗೆ ನಟಿಸಿ ನಿಮಗೆ ಸುಳ್ಳು ಹೇಳಲಾರೆ. ಎಣ್ಣೆ ಕಡಿಮೆಯಿತ್ತು ಎಂದರೆ ಮುಗಿಯಿತು, ಅದು ಪೂರಾ ಸುಳ್ಳೂ ಅಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಎದ್ದೆ.

ಅಷ್ಟರಲ್ಲಿ ಪ್ರೇಮಲತಕ್ಕ ನನಗೆಂದು ಚಹಾ ಹಿಡಿದು ಬಂದಳು. ಬಂದಾಗಿನ ಜೋರು ಇರಲಿಲ್ಲ.

"ತಗೊಳ್ರಣ್ಣಾ. ಹತ್ತು ಜನದ ಮುಂದೆ ಬೈದೆ, ತಪ್ಪಾತು. ನೀವು ಗ್ಯಾರಂಟಿ ಏನೂ ಕೊಡೋದು ಬ್ಯಾಡ. ನಮ್ಮತ್ತೆ ಒಳಗೆ ಅಳ್ತಾ ಕುಂತವ್ರೆ. ಸೋಡಾ ನೀರು ಹಾಕಿ ತಾನೇ ಎಂಜಿನ್ ಕೆಡಿಸ್ದೆ, ಇನ್ ಮೇಲೆ ವ್ಯಾನ್ ಮುಟ್ಟಲ್ಲ ಅಂತ ಆಣೆ ಮಾಡ್ತಾವ್ರೆ. ಎಷ್ಟಾದ್ರೂ ಆಗ್ಲಿ, ನಾನೇ ರಿಪೇರಿ ಮಾಡಿಸ್ಕೋತೀನಿ."

ನಾನು ಚಹಾ ಲೋಟ ಹಿಡಿದು ನಿಂತೆ. ಕುಡಿಯಲಾಗಲಿಲ್ಲ. ಕೇಳದೆಯೇ ಗೆದ್ದಿದ್ದೆ. ಹತ್ತೊಂಬತ್ತು ವರ್ಷದ ಮಾತು ಉಳಿದಿತ್ತು, ಆದರೆ ಅದನ್ನು ಉಳಿಸುವುದಕ್ಕೆ ಒಳಗೆ ಒಬ್ಬ ಮುದುಕಿ ಅಳಬೇಕಾಗಿತ್ತು. ಥೂ ನನ್ನ ಜನ್ಮವೇ, ಎನಿಸಿತು.

ಲೋಟ ಕೆಳಗಿಟ್ಟು ಮನೆಯೊಳಗೆ ಹೋದೆ. ಯರ್ರಮ್ಮ ಚಾಪೆಯ ಮೇಲೆ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದರು. ಜೇಬಿನಿಂದ ಬಟ್ಟೆ ತೆಗೆದು ಅವರ ಮುಂದಿಟ್ಟೆ.

"ಅವ್ವಾ, ನೀವು ತೊಳೆದಿದ್ದು ಮೇಲುಗಡೆ. ಅದ್ರಿಂದ ಏನೂ ಆಗಿಲ್ಲ. ಈ ಬಟ್ಟೆ ಒಳಗೆ ಮರೆತು ಮುಚ್ಚಿದ್ದು ನಾನು. ಎಂಜಿನ್ ಕೆಡಿಸಿದ್ದು ನಾನೇ. ಸಿಕ್ಕ ಮೇಲೆ ಜೇಬಿಗೆ ಹಾಕ್ಕೊಂಡೂ ಇದ್ದೆ."

ಅಬ್ಬಾನ ಕಡೆ ನೋಡುವ ಧೈರ್ಯವಾಗಲಿಲ್ಲ. ಮೆಹನಾಜ್ ಒಲೆಯ ಬಳಿಯಿಂದ ಬಗ್ಗಿ, "ಅರೇ, ಯೇ ಮೇರಾ ದುಪಟ್ಟಾ ಹೈ ನಾ?" ಎಂದಳು. ಹೆಂಗಸರಿಗೆ ಯಾವಾಗ ಏನು ಕಾಣುತ್ತದೋ!

ಯರ್ರಮ್ಮ ಬಟ್ಟೆಯನ್ನೂ ನೋಡಿದರು, ನನ್ನನ್ನೂ ನೋಡಿದರು. "ಮತ್ತೆ ನನ್ನ ಸೊಸೇನ ಊರೆಲ್ಲ ಕೇಳೋ ಹಂಗೆ ಬೈದೆಯಲ್ಲೋ!" ಎಂದು ಬೆನ್ನಿಗೆ ಒಂದು ಗುದ್ದು ಕೊಟ್ಟರು. ಗುದ್ದು ಗಟ್ಟಿಯಾಗಿಯೇ ಇತ್ತು. ಆಮೇಲೆ ಅವರ ಅಳು ನಿಂತಿತು. ಹೊರಗೆ ಬಂದು ಪ್ರೇಮಲತಕ್ಕನಿಗೆ ಕೈ ಮುಗಿದೆ. ಹಮಾಲರ ಮುಂದೆ ಬೈದದ್ದಕ್ಕೆ ಹಮಾಲರ ಮುಂದೆಯೇ ತಪ್ಪಾಯಿತು ಎಂದೆ. ಸೋಮವಾರದೊಳಗೆ ಪುಕ್ಕಟೆ ಕಟ್ಟಿಕೊಡುತ್ತೇನೆ, ಅಲ್ಲಿಯವರೆಗೆ ಮಕ್ಕಳಿಗೆ ನಮ್ಮ ಮನೆಯ ಹಳೇ ವ್ಯಾನು ಓಡಲಿ ಎಂದು ಕೀಲಿ ಕೊಟ್ಟೆ. ಹೊರಡುವಾಗ ಯರ್ರಮ್ಮ ಅದರ ಸೀಟು ಎತ್ತಲು ಹೋದರು. ಸೊಸೆ ಕೈ ಹಿಡಿದು ಕೂರಿಸಿದಳು.

ಅವರು ಹೋದ ಮೇಲೆ ನಾನು ಬಿಚ್ಚಿದ ಎಂಜಿನ್ನಿನ ಮುಂದೆ ಕೂತೆ. ಅಬ್ಬಾ ಕುರ್ಚಿಯನ್ನು ಎಳೆದುಕೊಂಡು ಹತ್ತಿರ ಬಂದರು.

"ಅಬ್ಬಾ," ಎಂದೆ, "ನಿಮ್ಮ ನಲವತ್ತು ವರ್ಷದ ಮಾತು ನಾನು ಕಳೆದೆ."

ಅವರು ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ಮನೆಯ ಉರ್ದುವಿನಲ್ಲಿ, ನಾನೊಬ್ಬನೇ ಕೇಳುವಷ್ಟು ಮೆಲ್ಲಗೆ ಹೇಳಿದರು: "ನನ್ನವು ಮೂರು ವಾಪಸ್ ಬಂದಿದ್ದವು."

ನಾನು ತಲೆ ಎತ್ತಿದೆ.

"ಆ ಗಾಡಿಯವರಲ್ಲಿ ಇಬ್ಬರು ಈಗ ಬದುಕಿಲ್ಲ. ಒಬ್ಬ ದೊಡ್ಡಉಳ್ಳಾರ್ತಿಯ ದೊಡ್ಡಪಾಲಯ್ಯ. ಅವನ ಟೆಂಪೋಗೆ ನಾನು ಬೇರಿಂಗ್ ತಪ್ಪಾಗಿ ಕೂರಿಸಿದ್ದೆ. ಕೆಟ್ಟು ಬಂದಾಗ ನಿನ್ನ ಎಣ್ಣೆ ಸರಿಯಿಲ್ಲ ಅಂದೆ. ಪಾಪ, ನಂಬಿದ. ಆ ಟೆಂಪೋ ಮಾರಿಬಿಟ್ಟ."

ಅಬ್ಬಾ ನಡುಗುವ ಕೈಯನ್ನು ನನ್ನ ಭುಜದ ಮೇಲೆ ಇಟ್ಟರು. ಕಣ್ಣಲ್ಲಿ ನೀರಿತ್ತು, ಆದರೆ ನಗುತ್ತಿದ್ದರು. ಅಷ್ಟು ಹಗುರಾದ ಅವರ ಮುಖವನ್ನು ನಾನು ನೋಡಿರಲೇ ಇಲ್ಲ.

"ಸಂತೆಯಲ್ಲಿ ಸಿಕ್ಕಾಗೆಲ್ಲ ಅವನು ಇವತ್ತಿಗೂ ನನಗೆ ಕೈ ಮುಗಿಯುತ್ತಾನೆ ಬೇಟಾ. ನಾಳೆ ಬೆಳಿಗ್ಗೆ ದೊಡ್ಡಉಳ್ಳಾರ್ತಿಗೆ ಕರೆದುಕೊಂಡು ಹೋಗು. ನಾನೂ ಹೇಳಿ ಬರುತ್ತೇನೆ."