ನಿನ್ನ ಭಾವನಿಗೆ ಹೇಳು

ನನ್ನ ಅಣ್ಣನ ಹೆಸರನ್ನು ನಾನು ಬಾಯಿಬಿಟ್ಟು ಹೇಳುವುದಿಲ್ಲ. ನಾನು ಮೈನೆರೆದ ಮೇಲೆ ಅವನೂ ನಾನೂ ಮಾತಾಡಿಲ್ಲ, ಒಂದೇ ಚಾಪೆಯ ಮೇಲೆ ಕೂತಿಲ್ಲ. ಫಿಜಿಯ ನಮ್ಮ ಲಾವು ದ್ವೀಪಗಳಲ್ಲಿ ಅಣ್ಣತಂಗಿಯರು ಬಾಳುವುದೇ ಹಾಗೆ. ಹೇಳಬೇಕಾದದ್ದು ಏನಾದರೂ ಇದ್ದರೆ ನಡುವೆ ಒಬ್ಬರು ಬೇಕು. ಅದನ್ನು ಮರ್ಯಾದೆ ಅನ್ನುತ್ತಾರೆ. ನಮ್ಮಿಬ್ಬರಿಗೆ ಅದು ಅನುಕೂಲವೇ ಆಗಿತ್ತು. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ.

ಕಾರಣ ನನ್ನ ಗಂಡ ಸಕೇಯಸಿ. ಅವನು ನನ್ನನ್ನು ರಾತ್ರೋರಾತ್ರಿ ದ್ವೀಪದ ಆಚೆ ತುದಿಯಿಂದ ಈಚೆ ತುದಿಗೆ ಓಡಿಸಿಕೊಂಡು ಬಂದವನು. ಆಮೇಲಾದರೂ ನಮ್ಮ ಪದ್ಧತಿಯಂತೆ ತಿಮಿಂಗಿಲದ ಹಲ್ಲನ್ನು ಕಾಣಿಕೆಯಾಗಿ ಹಿಡಿದು ಹೋಗಿ, ನನ್ನ ತವರಿನವರ ಮುಂದೆ ತಲೆತಗ್ಗಿಸಿ ಕೂತು, ತಪ್ಪಾಯಿತು ಅನ್ನಬೇಕಿತ್ತು. ಹಲ್ಲು ಸಿಗಲಿ, ಹೋಗೋಣ, ಅನ್ನುತ್ತಲೇ ಕಾಲ ಕಳೆದ. ಆ ಅವಮಾನಕ್ಕೇ ಅಪ್ಪ ಸತ್ತ ಎಂದು ಅಣ್ಣ ಊರೆಲ್ಲ ಹೇಳಿಕೊಂಡು ತಿರುಗಿದ. ಅಪ್ಪ ಸತ್ತಿದ್ದು ಸಕ್ಕರೆ ಕಾಯಿಲೆಗೆ. ನನ್ನ ಮಗಳು ಅಲೇಸಿ ಹುಟ್ಟಿದಾಗ ತವರಿನಿಂದ ಉಡುಗೊರೆಯ ಒಂದು ಚಾಪೆಯೂ ಬರಲಿಲ್ಲ. ಅದನ್ನು ಮರೆಯುವ ಜಾತಿ ನಾನಲ್ಲ.

ಅಂಥ ಅಣ್ಣನ ಕಾಲಿಗೇ ಬೀಳುವ ಸಂಜೆ ಬಂತು. ಸಕೇಯಸಿ ತೆಂಗಿನ ಮರದಿಂದ ಬಿದ್ದ. ಮೇಲೆ ಒಂದು ಗಾಯವಿಲ್ಲ, ಹೊಟ್ಟೆ ಮಾತ್ರ ಹಲಗೆಯಾಗಿತ್ತು. ರೇಡಿಯೋದಲ್ಲಿ ದೊಡ್ಡ ದ್ವೀಪದ ನರ್ಸಮ್ಮ, ಒಳಗೆ ರಕ್ತ ಸೋರುತ್ತಿದೆ, ಬೆಳಗಾಗುವುದರೊಳಗೆ ಡಾಕ್ಟರ ಕೈಗೆ ಸಿಗಬೇಕು, ಎಂದಳು. ರಾಜಧಾನಿ ಸುವಾದಿಂದ ಹಡಗು ಬಾರದೆ ಊರಲ್ಲಿ ಮೋಟಾರುದೋಣಿಗೆ ತೊಟ್ಟು ಪೆಟ್ರೋಲು ಇರಲಿಲ್ಲ. ಆ ಗಾಳಿಯಲ್ಲಿ ಕಡಲಿಗೆ ಇಳಿಯಬಲ್ಲ ಹಾಯಿದೋಣಿ ಇದ್ದದ್ದು ಒಂದೇ, ಅಣ್ಣನದು. ಪಾದ್ರಿಯ ಕೈಲಿ ಹೇಳಿಕಳಿಸಿದೆ. ಬರುವುದಿಲ್ಲ ಅಂದುಕೊಂಡಿದ್ದೆ, ಬಂದ.

ಬಂದವನು ನನ್ನ ಕಡೆ ನೋಡಲಿಲ್ಲ. ಗಂಡನ ತಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು, "ಏನ್ ಭಾವ, ಕಾಯಿ ಕೀಳಕ್ಕೆ ಹೋದೋನು ನೀನೇ ಉದುರ್ಕೊಂಡ್ಯಾ?" ಎಂದ.

"ನಿನ್ ಮುಖ ನೋಡೋ ಬದ್ಲು ಮರದ ಮೇಲೇ ಇರ್ಬೇಕಿತ್ತು ಭಾವ," ಎಂದ ಸಕೇಯಸಿ.

ಭಾವಂದಿರು ಎಷ್ಟು ಬೇಕಾದರೂ ಆಡಿಕೊಳ್ಳಬಹುದು, ಸಿಟ್ಟು ಮಾಡುವಂತಿಲ್ಲ. ಆದರೆ ಅಣ್ಣನ ಹಾಸ್ಯದಲ್ಲಿ ಮುಳ್ಳಿತ್ತು. ನನಗೆ ಅದು ಗೊತ್ತು, ಸಕೇಯಸಿಗೂ ಗೊತ್ತು.

ದಡದಲ್ಲಿ ಗಂಡಸರು ಗಾಳಿಯನ್ನು ನೋಡಿ ತಲೆಯಾಡಿಸುತ್ತ ನಿಂತಿದ್ದರು. ಒಬ್ಬನೂ ಹತ್ತಲಿಲ್ಲ. ನಾನು ಹತ್ತಿದೆ. ಅಣ್ಣತಂಗಿ ಒಂದೇ ದೋಣಿಯಲ್ಲಿ! ಮುದುಕಿಯರು ಬಾಯಿಗೆ ಕೈ ಅಡ್ಡ ಹಿಡಿದರು.

"ಬಾಯ್ ಮುಚ್ಕೊಂಡ್ರೆ ಸಾಲ್ದು ಕಣ್ರೇ, ನಿಮ್ ಗಂಡಸರನ್ನ ಕಳ್ಸಿ, ನಾನ್ ಇಳೀತೀನಿ," ಎಂದೆ. ಯಾರೂ ಕಳಿಸಲಿಲ್ಲ.

ಅಣ್ಣ ಹಿಂದಿನ ತುದಿಯಲ್ಲಿ ಚುಕ್ಕಾಣಿ ಹಿಡಿದು ಕೂತ. ಹಾಯಿಯ ಹಗ್ಗವನ್ನು ತೊಡೆಗೆ ಸುತ್ತಿಕೊಂಡ. ನಾನು ಮರ್ಯಾದೆಗೆ ತಕ್ಕ ಹಾಗೆ ಆದಷ್ಟು ದೂರ, ಮುಂದಿನ ತುದಿಯಲ್ಲಿ, ನೀರು ಮೊಗೆಯುವ ಕರಟ ಹಿಡಿದು ಕೂತೆ. ನಡುವಿನ ಅಟ್ಟದ ಮೇಲೆ ಸಕೇಯಸಿಯನ್ನು ಮಲಗಿಸಿ ಕಟ್ಟಿದ್ದೆವು. ತಲೆ ಅಣ್ಣನ ಕಡೆಗೆ, ಕಾಲು ನನ್ನ ಕಡೆಗೆ.

ಬಂಡೆಸಾಲಿನ ಮರೆ ಬಿಟ್ಟು ಹೊರಗೆ ಬಂದದ್ದೇ ಕಡಲು ನಮ್ಮನ್ನು ಹಿಡಿದು ಬಡಿಯತೊಡಗಿತು. ಗಾಳಿ ಬಂದ ಕಡೆಯಿಂದಲೇ ಅಲೆ. ದೋಣಿ ಮಗುಚದಂತೆ ಪಕ್ಕಕ್ಕೆ ಕಟ್ಟಿದ ತೇಲುಮರ ನೀರು ಬಿಟ್ಟು ಮೇಲೇಳುತ್ತಿತ್ತು, ಧೊಪ್ಪನೆ ಬೀಳುತ್ತಿತ್ತು. ಒಂದು ಅಲೆಯ ನೀರು ಮೊಗೆದು ಮುಗಿಸುವುದರೊಳಗೆ ಇನ್ನೊಂದು ತುಂಬುತ್ತಿತ್ತು. ಮೋಡದ ಸಂದಿಯಲ್ಲಿ ಚಂದ್ರ ಆಗೊಮ್ಮೆ ಈಗೊಮ್ಮೆ ಇಣುಕಿದಾಗ ಎಡಗಡೆ ಬಂಡೆಸಾಲಿನ ಬಿಳಿನೊರೆ ಕಾಣುತ್ತಿತ್ತು. ಅದನ್ನು ತಾಗಿದರೆ ನಮ್ಮ ಮೂಳೆಯೂ ಸಿಗುವುದಿಲ್ಲ.

"ಅಲೇಸಿಯಪ್ಪಾ! ನಿನ್ ಭಾವಂಗೆ ಹೇಳು, ಹಾಯಿ ಸಡ್ಲ ಮಾಡ್ಲಿ, ನೀರು ತುಂಬ್ತಿದೆ!"

"ಭಾವ, ಸಡ್ಲ ಮಾಡ್ಬೇಕಂತೆ," ಎಂದ ಸಕೇಯಸಿ. "ನಿಂಗೆ ದೋಣಿ ನಡ್ಸಕ್ಕೆ ಬರಲ್ಲ ಅಂತಾಳೆ."

ಹಾಗೆ ನಾನು ಅಂದಿರಲಿಲ್ಲ. ಅಂದುಕೊಂಡಿದ್ದೆ.

"ನಿನ್ ಹೆಂಡ್ತಿಗೆ ಹೇಳು ಭಾವ, ಮೊಗೆಯಕ್ಕೆ ಕೈ ತಂದಿದಾಳೋ, ಬರೀ ಬಾಯಿ ತಂದಿದಾಳೋ?"

ಹೀಗೇ ನಡೆಯಿತು. ಬರಬರುತ್ತ ಸಕೇಯಸಿಯ ದನಿ ಸಣ್ಣದಾಯಿತು. ಅಣ್ಣ ಬಿಡಲಿಲ್ಲ. "ಭಾವ, ಆ ಹಲ್ಲು ಎಲ್ಲಿ? ತರ್ತೀನಿ ತರ್ತೀನಿ ಅಂತ ನನ್ ಕೂದ್ಲು ಬೆಳ್ಳಗಾಯ್ತು. ತಿಮಿಂಗಿಲದ್ದು ಸಿಗ್ದಿದ್ರೆ ನಿನ್ ಬಾಯಲ್ಲಿರೋದನ್ನೇ ಕಿತ್ಕೊಡು!"

ಸಾಯುವವನನ್ನು ಹೀಗೆ ಚುಚ್ಚುವುದೇ? ಕರಟ ಎತ್ತಿ ಅವನ ಮುಖಕ್ಕೆ ಎಸೆಯಬೇಕು ಅನ್ನಿಸಿತು. ಸಕೇಯಸಿ ಮಾತ್ರ ನಕ್ಕ. "ಬೆಳಗಾಗ್ಲಿ ಭಾವ, ಕೊಡ್ತೀನಿ," ಎಂದ.

ಆಮೇಲೆ ಅಣ್ಣ ಏನೋ ಅಂದ, ಉತ್ತರ ಬರಲಿಲ್ಲ. "ಭಾವ? ಏ ಭಾವ?" ಎಂದ. ಅವನು ಬಗ್ಗಿದ್ದು ಕಂಡಿತು. ಉಟ್ಟ ಬಟ್ಟೆಯ ಅಂಚನ್ನು ಹಲ್ಲಲ್ಲಿ ಕಚ್ಚಿ ಹರಿದು, ಒಂದೇ ಕೈಯಲ್ಲಿ ಸಕೇಯಸಿಯ ತಲೆಗೆ ಸುತ್ತಿ ಕಟ್ಟಿದ. ಅಟ್ಟಕ್ಕೆ ತಲೆ ಬಡಿದು ಗಾಯವಾಗಿರಬೇಕು, ಪ್ರಜ್ಞೆ ತಪ್ಪಿರಬೇಕು, ಅಂದುಕೊಂಡೆ. ನನ್ನ ಕೈಗೆ ಸಿಕ್ಕ ಪಾದವನ್ನು ಅದುಮಿದೆ. ತಣ್ಣಗಿತ್ತು. ಆ ನೀರಿನಲ್ಲಿ ನನ್ನ ಕೈಯೂ ತಣ್ಣಗೇ ಇತ್ತು. ಎದ್ದು ಹೋಗಿ ಮುಖ ನೋಡೋಣ ಎಂದರೆ, ಆ ತುದಿಯಲ್ಲಿ ಅಣ್ಣ ಕೂತಿದ್ದಾನೆ.

ಅಷ್ಟರಲ್ಲಿ ದೋಣಿಯ ಮೂತಿ ತಿರುಗಿತು. ಅಣ್ಣ ನಮ್ಮನ್ನು ಜನವಿಲ್ಲದ ಪುಟ್ಟ ನಡುಗಡ್ಡೆ, ಹಕ್ಕಿಗಳ ಕುರುವೆಯ ಮರೆಗೆ ಒಯ್ಯುತ್ತಿದ್ದ.

"ಅಲೇಸಿಯಪ್ಪಾ! ಎಲ್ಲಿಗೆ ಅಂತ ಕೇಳು ನಿನ್ ಭಾವನ್ನ!"

ಆಮೇಲೆ ಅಣ್ಣ, ಮಲಗಿದ್ದವನಿಗೇ ಹೇಳಿದ: "ಭಾವ, ನಿನ್ ಹೆಂಡ್ತಿಗೆ ಹೇಳು. ಇನ್ನು ಅವಸರ ಇಲ್ಲ. ಈ ಕತ್ತಲಲ್ಲಿ ಬಂಡೆಸಾಲಿನ ಗಂಡಿ ದಾಟೋದು ಬೇಡ. ಕುರುವೆ ಮರೇಲಿ ನಿಂತು ಬೆಳಕು ಹರಿದ ಮೇಲೆ ಹೋಗಣ."

ಕರಟವನ್ನು ದೋಣಿಯ ಅಂಚಿಗೆ ಕುಕ್ಕಿದೆ.

"ಅವಸರ ಇಲ್ವಂತೆ! ಕೇಳಿಸ್ತಾ ಅಲೇಸಿಯಪ್ಪಾ? ನೀನ್ ಸಾಯ್ಲಿ ಅಂತ ಕಾಯ್ತಿದಾನೆ ನಿನ್ ಭಾವ! ಅದಕ್ಕೇ ಕರೆದ ತಕ್ಷಣ ಓಡ್ಬಂದ. ಹೇಳು ಅವನಿಗೆ, ನೀನ್ ಸತ್ರೆ ಅವನ ಮನೆ ಬಾಗ್ಲಿಗೆ ನಿನ್ನ ಹೊತ್ಕೊಂಡೋಗಿ ಹಾಕ್ತೀನಿ. ಅವನ ವಂಶ ನಾಶ ಆಗ್ಲಿ!"

ಒಡಹುಟ್ಟಿದವನಿಗೆ ಯಾರೂ ಹಾಕಬಾರದ ಶಾಪ ಅದು. ಬಾಯಿಗೆ ಬಂತು, ಹಾಕಿದೆ. ಚಂದ್ರ ಒಮ್ಮೆ ಬಂದು ಹೋದ. ಅಣ್ಣ ನನ್ನತ್ತ ನೋಡುತ್ತಿದ್ದ, ನಾನು ಹುಡುಗಿಯಾಗಿದ್ದಾಗಿನಿಂದ ನೋಡದವನು. ಬಾಯಿ ತೆರೆದ, ಮುಚ್ಚಿದ.

"ಭಾವ," ಎಂದ ಕೊನೆಗೆ, "ನಿನ್ ಹೆಂಡ್ತಿಗೆ ಹೇಳು. ಗಂಡಿಗೇ ಹೋಗ್ತೀವಿ. ನೊರೆ ಎಲ್ಲಿದೆ ಅಂತ ನೋಡಿ ಕೂಗ್ತಾ ಇರ್ಲಿ."

ಬಂಡೆಸಾಲು ಒಡೆದು ದೊಡ್ಡ ದ್ವೀಪಕ್ಕೆ ದಾರಿ ಬಿಟ್ಟ ಆ ಗಂಡಿ ಹಗಲಲ್ಲೇ ಜನ ತಿಂದ ಗಂಡಿ. ಎರಡೂ ಕಡೆ ಅಲೆಗಳು ಬಂಡೆಗೆ ಬಡಿದು ಮನೆಯೆತ್ತರ ಎಗರುತ್ತಿದ್ದವು. "ಬಲಕ್ಕೆ ಅಂತ ಹೇಳು! ಇನ್ನೂ ಬಲಕ್ಕೆ! ಸಾಕು ಅಂತ ಹೇಳು!" ಎಂದು ನಾನು ಕಿರುಚಿದ್ದೆಲ್ಲ ಸಕೇಯಸಿಯ ಪಾದಗಳಿಗೆ. ಹಿಂದಿನಿಂದ ಒಂದು ಅಲೆ ಬಂದು ದೋಣಿಯನ್ನು ಎತ್ತಿ ಎಸೆಯಿತು. ಚುಕ್ಕಾಣಿಯ ಹಿಡಿ ಅಣ್ಣನ ಭುಜಕ್ಕೆ ಬಡಿದ ಸದ್ದು ಆ ಮೊರೆತದಲ್ಲೂ ನನಗೆ ಕೇಳಿತು. ಅವನು ಕೈ ಬಿಡಲಿಲ್ಲ. ಮುಂದಿನ ಉಸಿರಿಗೆ ನೀರು ಸಪಾಟಾಯಿತು. ಒಳಗೆ ಬಂದಿದ್ದೆವು.

ದಡದಲ್ಲಿ ಲಾಟೀನುಗಳಿದ್ದವು. ನರ್ಸಮ್ಮ ಮೊಣಕಾಲುದ್ದ ನೀರಿಗೆ ಇಳಿದು ಬಂದು ಬಗ್ಗಿ ನೋಡಿದಳು. ಮುಟ್ಟಿದಳು. ಅವಸರದಲ್ಲಿ ಬಂದವಳು ನಿಧಾನವಾಗಿಬಿಟ್ಟಳು.

"ಇವ್ರು ಹೋಗಿ ತುಂಬ ಹೊತ್ತಾಗಿದೆ ತಾಯಿ," ಎಂದಳು. "ದವಡೆ ಯಾರು ಕಟ್ಟಿದ್ದು? ಸರಿಯಾದ ಹೊತ್ತಿಗೆ ಕಟ್ಟಿದಾರೆ."

ಆಗ ನೋಡಿದೆ. ಬಟ್ಟೆ ಇದ್ದದ್ದು ಹಣೆಗಲ್ಲ. ಗಲ್ಲದ ಕೆಳಗಿಂದ ನೆತ್ತಿಗೆ ಸುತ್ತಿ, ಬಾಯಿ ತೆರೆದುಕೊಳ್ಳದ ಹಾಗೆ ಕಟ್ಟಿತ್ತು. ಕಣ್ಣು ಮುಚ್ಚಿಸಿತ್ತು.

"ಕೊನೇಲಿ ಇವ್ರ ಹತ್ರ ಮಾತಾಡಿದ್ಯಾರು?" ಎಂದು ನರ್ಸಮ್ಮ ಕೇಳಿದಳು.

"ಇಬ್ರೂ," ಎಂದೆ. "ರಾತ್ರಿಯೆಲ್ಲ ಮಾತಾಡ್ತಾನೇ ಇದ್ವಿ."

ಅಣ್ಣ ನೀರಿನಲ್ಲೇ ನಿಂತಿದ್ದ. ಅವನ ಒಂದು ತೋಳು ಜೋತುಬಿದ್ದಿತ್ತು. ಸಕೇಯಸಿ ಆಗಲೇ ಹೋಗಿದ್ದ, ಅವಸರ ಇಲ್ಲ ಅಂದಿದ್ದು ಅದಕ್ಕೆ. ಹೆಣವನ್ನು ಮುಂದಿಟ್ಟುಕೊಂಡು ಆ ಗಂಡಿ ದಾಟಿದ, ನಾನು ಹಾಕಿದ ಶಾಪವನ್ನು ಸುಮ್ಮನೆ ಕೇಳಿಸಿಕೊಂಡ. ತಂಗಿ, ಅವನಿಲ್ಲ, ಎಂದು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತಲ್ಲ! ಮರ್ಯಾದೆಯಂತೆ ಮರ್ಯಾದೆ. ದೋಣಿ ಮುಳುಗಿದ್ದರೆ ಅಲೇಸಿ ಒಂದೇ ರಾತ್ರಿ ಅಪ್ಪನನ್ನೂ ಅವ್ವನನ್ನೂ ಕಳೆದುಕೊಳ್ಳುತ್ತಿದ್ದಳು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಅವನು ಅಂದಿದ್ದರೆ ನಾನು ನಂಬುತ್ತಿದ್ದೆನೇ?

ಅವನು ದೋಣಿಯ ಪಕ್ಕಕ್ಕೆ ಬಂದು ಸಕೇಯಸಿಯ ತಲೆಯ ಹತ್ತಿರ ಬಗ್ಗಿದ.

"ಭಾವ, ನಿನ್ ಹೆಂಡ್ತಿಗೆ ಹೇಳು," ಎಂದ. "ಹಲ್ಲಿನ ಮಾತು ಇಲ್ಲಿಗೆ ಮುಗೀತು. ಮಗೂನ ಕರ್ಕೊಂಡು ಮನೇಗೆ ಬರ್ಲಿ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಗಂಡನ ಪಾದ ಹಿಡಿದುಕೊಂಡೆ.

"ಅಲೇಸಿಯಪ್ಪಾ," ಎಂದೆ, "ನಿನ್ ಭಾವಂಗೆ ಹೇಳು..."

ಅಣ್ಣ ತಲೆತಗ್ಗಿಸಿ ಕಾಯುತ್ತ ನಿಂತಿದ್ದ.