ಕಾಲುವೆ ನಿಲ್ಲುವ ಹೊತ್ತು

“ಸಾನಿಯಾಂದು ಎರಡು ನಿಮಿಷ ಐವತ್ತೊಂದು ಸೆಕೆಂಡ್,” ಎಂದು ಓದಿದ ಸಿದ್ದಲಿಂಗ, ಕೊರಳಲ್ಲಿದ್ದ ಗಡಿಯಾರವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. “ಅನ್ನಪೂರ್ಣಾಂದು ಎರಡು ಇಪ್ಪತ್ನಾಲ್ಕು. ಮುಗೀತಲ್ಲ? ಚಾ ತರಸ್ರಿ.”

ನರಗುಂದದ ಹೊರಗಿನ ದೊಡ್ಡ ಕಾಲುವೆಯಲ್ಲಿ ರೋಯಿಂಗ್ ಸಂಘದ ಆಯ್ಕೆ ನಡೆದಿತ್ತು. ರಾಜ್ಯ ಸ್ಪರ್ಧೆಗೆ ಹೋಗುವವಳು ಒಬ್ಬಳೇ; ಅವಳ ಹೆಸರು ಸಂಜೆ ಐದರೊಳಗೆ ಬೆಂಗಳೂರು ಮುಟ್ಟಬೇಕು. ಸಂಘಕ್ಕಿರುವುದು ಒಂದೇ ದೋಣಿ. ಒಂಬತ್ತೂವರೆಗೆ ಅನ್ನಪೂರ್ಣಾ ಐನೂರು ಮೀಟರ್ ಎಳೆದಳು, ಅಧ್ಯಕ್ಷ ಸಿದ್ದಲಿಂಗರ ತಮ್ಮನ ಮಗಳು. ಕಮಿಟಿಯವರ ಉಪ್ಪಿಟ್ಟು ಮುಗಿದ ಮೇಲೆ, ಹನ್ನೊಂದಕ್ಕೆ, ಹೊಳೆಆಲೂರಿನ ಸಾನಿಯಾ.

ಅಫ್ರೀನ ನೀರನ್ನೇ ನೋಡುತ್ತಿದ್ದಳು. ಅವಳು ವಿಶ್ವವಿದ್ಯಾಲಯದ ರೋಯಿಂಗ್ ಚಾಂಪಿಯನ್ ಆಗಿ ಆರು ವರ್ಷವಾಗಿತ್ತು, ರೋಣದ ಕೋರ್ಟಿನಲ್ಲಿ ವಕೀಲಿ ಹಿಡಿದು ಎರಡು. ಕಳೆದ ತಿಂಗಳು ಸಂಘದ ಕಮಿಟಿಗೆ ಸೇರಿಸಿಕೊಂಡಿದ್ದರು. ಒಬ್ಬ ಹೆಣ್ಣುಮಗಳು ಬೇಕಿತ್ತು, ಒಬ್ಬ ವಕೀಲರು ಬೇಕಿತ್ತು. ಒಂದೇ ಕುರ್ಚಿಯಲ್ಲಿ ಎರಡೂ ಮುಗಿದವು. ರವಿವಾರಕ್ಕೊಮ್ಮೆ ಸಾನಿಯಾಳಿಗೆ ಹುಟ್ಟು ಹಾಕಲು ಕಲಿಸುತ್ತಿದ್ದವಳೂ, ಅವಳ ಬಾಯಲ್ಲಿ ‘ಆಪಾ’, ಅಕ್ಕ, ಆದವಳೂ ಅವಳೇ.

“ಆಪಾ, ನಾ ಕುಂದ್ರೋದ್ರಾಗ ಗೇಟ್ ಎತ್ತಿದ್ರು,” ಎಂದಳು ಸಾನಿಯಾ, ಇನ್ನೂ ಏದುಸಿರು ಬಿಡುತ್ತ. ದೋಣಿ ಎಳೆಯುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾರೆ. ಕಾಲುವೆಯ ನೀರು ತಡೆಯುವ ಗೇಟಿನ ಹತ್ತಿರದಿಂದ ಹೊರಟ ಸಾನಿಯಾಳಿಗೆ ಕೊನೆಯ ತನಕ ಕಂಡದ್ದು ಆ ಗೇಟು, ಅದರ ಕಡೆಗೆ, ಅವಳ ದೋಣಿಗೆ ಎದುರಾಗಿ, ನುಗ್ಗುತ್ತಿದ್ದ ನೀರು.

“ನೀರು ಹರಿಯೂದ ಅವ್ವಾ,” ಎಂದರು ಸಿದ್ದಲಿಂಗ. “ಹರೀಬಾರ್ದಂದ್ರ ಡಾಂಬರ್ ರಸ್ತೇದಾಗ ಟ್ರಯಲ್ ಇಡೂನೇನು?”

ಕಮಿಟಿ ನಕ್ಕಿತು. ಅಫ್ರೀನ ಕಾಲಿನ ಚಪ್ಪಲಿಯೊಂದನ್ನು ತೆಗೆದು ಕಾಲುವೆಗೆ ಒಗೆದಳು. ಅದು ತೇಲುತ್ತ ಗೇಟಿನತ್ತ ಹೊರಟಿತು.

“ಅದರ ಜೋಡಿ ನಡೀರಿ, ಕಾಕಾ.”

ಸಿದ್ದಲಿಂಗ ಚಾದ ಕಪ್ಪು ಹಿಡಿದು ಇಪ್ಪತ್ತು ಹೆಜ್ಜೆ ನಡೆದರು. ಚಪ್ಪಲಿ ನಿಲ್ಲಲಿಲ್ಲ, ಅವರೂ ನಿಲ್ಲುವಂತಿರಲಿಲ್ಲ. “ಒಂಬತ್ತೂವರೆಗೆ ಒಗದಿದ್ರ ಇದು ಬಿದ್ದಲ್ಲೇ ಇರ್ತಿತ್ತು,” ಎಂದಳು ಅಫ್ರೀನ.

ಗೇಟು ಕಾಯುವ ಕಳಕಪ್ಪನನ್ನು ಕರೆದು ಕೇಳಿದರು. “ಹತ್ತೂಮುಕ್ಕಾಲಿಗೆ ಎತ್ತೀನ್ರಿ. ಕೆಳಗಿನ ಊರಿನ ಪಾಳಿ. ನಿಮ್ಮ ದೋಣಿ ಸಲುವಾಗಿ ಹೊಲ ಒಣಗಸ್ಲಿಕ್ಕೆ ಬರ್ತೈತೇನ್ರಿ?”

ಮೊದಲು ಬಾಯಿ ಬಿಟ್ಟವಳು ಅನ್ನಪೂರ್ಣಾ. “ದೊಡ್ಡಪ್ಪಾ, ನಾ ಮತ್ತ ಎಳೀತೀನಿ. ನಾಳಿ ಕಾಲೇಜಿನಾಗ ಮಂದಿ ಮಾತು ಕೇಳಾಕಿ ನಾನು, ನೀವಲ್ಲ.”

ಹನ್ನೆರಡೂ ನಲವತ್ತಕ್ಕೆ ಹರಿಯುವ ನೀರಿಗೆ ಎದುರಾಗಿ ಅವಳು ಎಳೆದಳು. ಎರಡು ಐವತ್ಮೂರು. ಸಾನಿಯಾಳಿಗಿಂತ ಎರಡು ಸೆಕೆಂಡ್ ಹೆಚ್ಚು. ದಂಡೆಯ ಮೇಲೆ ಗದ್ದಲವೆದ್ದಿತು. ಸಿದ್ದಲಿಂಗ ಕೈಯೆತ್ತಿ ಸುಮ್ಮನಾಗಿಸಿದರು. “ಸಾನಿಯಾನೂ ಮತ್ತೊಮ್ಮೆ ಎಳೀಲಿ. ಆಮ್ಯಾಲ ನೋಡೂನು.”

ದೋಣಿ ವಾಪಸು ತಂದು ಸಾನಿಯಾ ಅದರಲ್ಲಿ ಕೂರುವಷ್ಟರಲ್ಲಿ ಒಂದು ಗಂಟೆ ಮೀರಿತ್ತು. ಅತ್ತ ಕಳಕಪ್ಪ ಚಕ್ರ ತಿರುಗಿಸಿ ಗೇಟು ಮುಚ್ಚಿದ್ದ. ದಂಡೆಯ ಪಕ್ಕದ ನೊರೆ ನಿಧಾನವಾಗಿ, ನಿಧಾನವಾಗಿ ನಿಲ್ಲತೊಡಗಿತು. ಅಫ್ರೀನಳ ಹೊರತು ಕಮಿಟಿಯಲ್ಲಿ ಯಾರಿಗೂ ಅದು ಕಾಣಲಿಲ್ಲ. ಸಾನಿಯಾಳಿಗೂ ಕಂಡಿತು. “ಆಪಾ, ಸುಮ್ನಿರು,” ಎಂದಳು ಪಿಸುದನಿಯಲ್ಲಿ.

ನಿಂತ ನೀರಿನಲ್ಲಿ ಸಾನಿಯಾಳಿಗೆ ಸುಮಾರು ಅರ್ಧ ನಿಮಿಷ, ಪುಕ್ಕಟೆ. ಸಿದ್ದಲಿಂಗರ ಹೆಬ್ಬೆರಳು ಗುಂಡಿಯ ಮೇಲಿತ್ತು.

“ತಡೀರಿ ಕಾಕಾ. ಗೇಟ್ ಮುಚ್ಯಾರ. ನೀರು ನಿಲ್ಲಾಕತ್ತೈತಿ. ಈಗ ಈಕಿ ಎಳದ್ರ ಅನ್ನಪೂರ್ಣಾಗ ಅನ್ಯಾಯ.”

ಸಾನಿಯಾ ಹುಟ್ಟಿನಿಂದ ನೀರಿಗೆ ಹೊಡೆದಳು. “ಯಾರ ಕಡಿ ವಕೀಲ ನೀ?”

“ಇಳಿ ಕೆಳಗ.”

ಸಿದ್ದಲಿಂಗ ಅಫ್ರೀನಳನ್ನೇ ನೋಡಿದರು. “ನೀವು ಹೇಳದಿದ್ರ ನಮಗ ತಿಳೀತಿತ್ತೇನ್ರಿ?”

“ಇಲ್ರಿ.”

ಅವರು ಕೊರಳಿನಿಂದ ಗಡಿಯಾರ ತೆಗೆದು ಅವಳ ಕೈಗೆ ಕೊಟ್ಟರು. “ಹನ್ನೆರಡು ವರ್ಷ ನಾನ ಹಿಡದೇನಿ. ಒಮ್ಮೆನೂ ನೀರು ನೋಡಿಲ್ಲ. ಹಿಡೀರಿ.”

ಅನ್ನಪೂರ್ಣಾ ಎರಡು ಸಲ ಎಳೆದು ದಣಿದಿದ್ದಳೆಂದು ಅಫ್ರೀನ ಮೂರೂವರೆ ತನಕ ಎಲ್ಲರನ್ನೂ ಕಾಯಿಸಿದಳು. ಆ ಹೊತ್ತಿಗೆ ಕಾಲುವೆಯಲ್ಲಿ ಆಕಾಶ ಅಲುಗದೆ ನಿಂತಿತ್ತು. ಮೊದಲು ಅನ್ನಪೂರ್ಣಾ: ಎರಡು ಇಪ್ಪತ್ತೈದು. ನಾಲ್ಕು ಗಂಟೆಗೆ ಸಾನಿಯಾ, ಅಫ್ರೀನಳ ಮುಖವನ್ನೂ ನೋಡದೆ ಹೊರಟಳು. ಮುನ್ನೂರು ಮೀಟರ್ ದಾಟುವಾಗ ಕಮಿಟಿಗೆ ಕಮಿಟಿಯೇ ದಂಡೆಗುಂಟ ಓಡುತ್ತಿತ್ತು. ಅಧ್ಯಕ್ಷರು ಪಂಚೆ ಎತ್ತಿ ಕಟ್ಟಿ, ಯಾರ ಹುಡುಗಿ ಎಂಬುದನ್ನೂ ಮರೆತು, “ಎಳಿ, ಎಳಿ ನಮ್ಮವ್ವಾ” ಎಂದು ಕೂಗುತ್ತಿದ್ದರು.

ಅಫ್ರೀನ ಗುಂಡಿ ಒತ್ತಿದಳು. ತಾನು ನೋಡುವ ಮೊದಲೇ ಗಡಿಯಾರವನ್ನು ಸಿದ್ದಲಿಂಗರ ಕಡೆ ತಿರುಗಿಸಿದಳು.

ಅವರು ಓದಿದರು. ಕಿಸೆಯಿಂದ ಅರ್ಜಿ ತೆಗೆದು, ಮೊಣಕಾಲ ಮೇಲಿಟ್ಟು, ಪೆನ್ನಿನ ಟೊಪ್ಪಿಗೆ ಹಲ್ಲಿನಿಂದ ಕಳಚಿದರು.

“ಅಪ್ಪನ ಹೆಸರು ಹೇಳವಾ.”

“ಮದರಸಾಬ,” ಎಂದಳು ಸಾನಿಯಾ. ಅವಳ ತೋಳಿನಿಂದ ನೀರು ಇಳಿಯುತ್ತಿತ್ತು. ಅನ್ನಪೂರ್ಣಾ ದೋಣಿಯ ಒಂದು ತುದಿಯನ್ನು ಆಗಲೇ ಹೆಗಲಿಗೇರಿಸಿ, ಇನ್ನೊಂದು ತುದಿಗೆ ಅವಳು ಬರಲೆಂದು ನಿಂತಿದ್ದಳು.