ತಿರುವಿ ಕೇಳಬೇಕು

ಪುಷ್ಪಾವತಿಯ ಬಾಯಿಗೆ ಒಂದು ಚಾಳಿಯಿತ್ತು. ಯಾರಾದರೂ ಪ್ರಶ್ನೆ ಕೇಳಿದರೆ ಅದರ ಕೊನೆಯ ತುಂಡನ್ನು ಹಿಡಿದು ಅದನ್ನೇ ಹಿಂದಿರುಗಿಸಿಬಿಡುವುದು. ಊಟ ಆತೇನು ಎಂದರೆ ಊಟ ಆತು, ಹೊಟ್ಟೆ ಚುರುಗುಟ್ಟುತ್ತಿದ್ದರೂ. ಚಿಕ್ಕವಳಿದ್ದಾಗ 'ಏನು' ಸಮೇತ ಒಪ್ಪಿಸುತ್ತಿದ್ದಳು. ಜನ ನಗುತ್ತಾರೆಂದು ಅವ್ವ ಸೋಮವ್ವ ಆ ಬಾಲವನ್ನು ಕತ್ತರಿಸಲು ಕಲಿಸಿದಳು. ಕಲಿಸಿದ್ದು ಮರ್ಯಾದೆಗೆಂದು, ಆದರೆ ಅಂದಿನಿಂದ ಮಗಳ ಮಾತು ಜನರ ಕಿವಿಗೆ ಉತ್ತರದಂತೆಯೇ ಕೇಳತೊಡಗಿತು. ನಲವತ್ತೊಂದು ವರ್ಷವಾದರೂ ಯಾವುದಕ್ಕೂ ಒಲ್ಲೆ ಅನ್ನುವುದಿಲ್ಲ, ದೇವರಂಥಾಕಿ ಎಂದು ಬ್ಯಾಡಗಿಯ ಓಣಿ ಆಕೆಯನ್ನು ಹೊಗಳುತ್ತಿತ್ತು. ಹೊಗಳುವವರಿಗೇನು, ಅವರವರ ಬಾಯಿ ಅವರವರ ಅಂಕೆಯಲ್ಲಿತ್ತು.

ಹುಬ್ಬಳ್ಳಿಯ ಡಾಕ್ಟರೊಬ್ಬರು ಇದಕ್ಕೆ ಆಟಿಸಂ ಎಂದು ಬರೆದುಕೊಡುವಾಗ ಆಕೆಗೆ ಮೂವತ್ತೆರಡಾಗಿತ್ತು. ತಲೆಯೊಳಗೆ ಮಾತಿಗೆ ಬರವಿರಲಿಲ್ಲ; ಅಲ್ಲಿಂದ ನಾಲಿಗೆಗೆ ಬರುವ ದಾರಿಯಲ್ಲೇ ಎಲ್ಲ ತಡೆ. ಜುಬೇದಾ ಎಂಬಾಕೆಯ ಮೆಣಸಿನಕಾಯಿ ಗೋದಾಮಿನಲ್ಲಿ ಚೀಲಗಳ ಮೇಲೆ ಕುಂಚದಿಂದ ಹೆಸರು, ನಂಬರು ಬರೆಯುವುದು ಆಕೆಯ ಕೆಲಸ. ಒಂದಕ್ಷರ ಸೊಟ್ಟಗಾಗುತ್ತಿರಲಿಲ್ಲ. ಆದರೆ ಯಾರಾದರೂ ಬಗ್ಗಿ ನೋಡುತ್ತ ನಿಂತರೆ ಕೈಯೂ ಬಾಯಿಯ ಪಕ್ಷ ಸೇರಿ ಮುಷ್ಕರ ಹೂಡುತ್ತಿತ್ತು.

ಇಂದು ರಾಣೆಬೆನ್ನೂರಿನ ನೋಂದಣಿ ಕಚೇರಿಯ ಬೆಂಚಿನ ಮೇಲೆ ಆಕೆ ಕುಳಿತಿದ್ದದ್ದು ಮನೆಯ ಸಲುವಾಗಿ. ಬ್ಯಾಡಗಿಯ ಎರಡು ಖೋಲಿಯ ಮನೆಯನ್ನು ಅಪ್ಪ ತನ್ನ ಮಗಳು ಮತ್ತು ಮಗ ಇಬ್ಬರ ಹೆಸರಿಗೂ ಮಾಡಿ ತೀರಿಕೊಂಡಿದ್ದ. ಅವ್ವನೂ ಹೋದ ಮೇಲೆ ಆಕೆ ಅಲ್ಲಿ ಒಬ್ಬಳೇ ಇದ್ದಳು, ಸುಖವಾಗಿಯೇ ಇದ್ದಳು. ಅದನ್ನು ಮಾರಿ, ಅಕ್ಕನನ್ನು ರಾಣೆಬೆನ್ನೂರಿನ ತನ್ನ ಮನೆಗೆ ಕರೆತರಬೇಕೆಂಬುದು ತಮ್ಮ ಕೊಟ್ರೇಶನ ಆಸೆ. ಅವನು ಕೆಟ್ಟವನಲ್ಲ. ಮಹಡಿಯ ಮೇಲೆ ಅಕ್ಕನಿಗೆಂದು ಒಂದು ಖೋಲಿಗೆ ಬಣ್ಣ ಹೊಡೆಸಿದ್ದ, ಹೊಸ ಫ್ಯಾನು ಹಾಕಿಸಿದ್ದ. ಅಕ್ಕನನ್ನು ಕೇಳುವುದೊಂದು ಉಳಿದಿತ್ತು.

ಆಕೆ ಹೇಳಿರಲಿಲ್ಲವೆಂದಲ್ಲ. ಹಿಂದಿನ ವಾರ ಬಾಗಿಲು ಹಾಕಿಕೊಂಡು ಕುಳಿತು ಫೋನಿನಲ್ಲಿ ಬರೆದು ಕಳಿಸಿದ್ದಳು: ಮನಿ ಕೊಡೂದಿಲ್ಲ, ನಾ ಇಲ್ಲೇ ಇರತೀನಿ. ಕೊಟ್ರೇಶ ತಕ್ಷಣ ಫೋನ್ ಮಾಡಿ, ಯಾರೋ ಹೇಳಿ ಬರಸ್ಯಾರ, ಹೌದಲ್ಲ ಎಂದ. ಹೌದಲ್ಲ ಎಂದಿತು ಆಕೆಯ ಬಾಯಿ. ಆಕೆ ಬರೆದದ್ದನ್ನು ಬಿಟ್ಟು ಆಕೆಯ ಬಾಯಿ ಅಂದದ್ದನ್ನು ಅವನು ನಂಬಿದ, ಯಾಕೆಂದರೆ ಅಂದದ್ದು ಅವನಿಗೆ ಅನುಕೂಲವಾಗಿತ್ತು.

ಆಕೆಯ ಪಾಲಿನ ಹಕ್ಕು ಬಿಡುಗಡೆ ಪತ್ರವನ್ನು ಬರೆದವನು ರುದ್ರಮುನಿ. ಕಚೇರಿಯ ಮುಂದೆ ಪತ್ರ ಬರೆಯುತ್ತಲೇ ತಲೆ ಬೆಳ್ಳಗಾದ ಆಸಾಮಿ. ಒಳಗೆ ಮೇಡಂ ಒಂದೇ ಪ್ರಶ್ನೆ ಕೇಳುತ್ತಾರೆ, ಅದಕ್ಕೆ ಉತ್ತರ ಹೇಳಿ ಹೆಬ್ಬೆರಳು ಒತ್ತಿದರೆ ಮುಗಿಯಿತು ಎಂದು ತಾಲೀಮು ಶುರು ಮಾಡಿದ.

"ಒಪ್ಪಿಗಿ ಐತೇನು?"

"ಒಪ್ಪಿಗಿ ಐತಿ," ಎಂದಿತು ಬಾಯಿ.

ರುದ್ರಮುನಿ ಮೆಚ್ಚಿ ತಲೆದೂಗಿದ. ಪುಷ್ಪಾವತಿ ಒಳಗಿನ ಬಾಗಿಲ ಕಡೆ ನೋಡಿದಳು. ಒಳಗೂ ಹೀಗೆಯೇ ಆದರೆ ಎರಡು ನಿಮಿಷದಲ್ಲಿ ಮನೆ ಹೋಗುತ್ತದೆ. ತಾನು ಒಲ್ಲೆ ಎಂದು ತಲೆಯೊಳಗೆ ಕೂಗುತ್ತಿರುವುದು ಅಲ್ಲಿ ಯಾರಿಗೂ ಕೇಳಿಸುವುದಿಲ್ಲ.

ಬೆಂಚಿನ ಅಂಚು ಹಿಡಿದು ಆಕೆ ಯೋಚಿಸಿದಳು. ನಲವತ್ತು ವರ್ಷ ಜನರ ಪ್ರಶ್ನೆ ಹೊತ್ತವಳಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿತ್ತು. ಸಮಾಧಾನದಲ್ಲಿ ಇರುವವರು ಐತೇನು ಎಂದು ಕೇಳುತ್ತಾರೆ, ಸಿಟ್ಟಿಗೆದ್ದವರು ಇಲ್ಲೇನು ಎಂದು ಕೇಳುತ್ತಾರೆ. ಬರ್ತೀಯೇನು ಎಂದವರೇ ನಾಲ್ಕನೇ ಸಲಕ್ಕೆ ಬರೂದಿಲ್ಲೇನು ಎನ್ನುತ್ತಾರೆ. ಹಾಗಾದರೆ ಅವರ ಸಿಟ್ಟು ಏರಿ ಇಲ್ಲೇನು ಬರುವವರೆಗೆ ಬಾಯಿ ಬಿಡಬಾರದು. ಲೋಕದಲ್ಲಿ ಆಕೆ ಎಲ್ಲಕ್ಕಿಂತ ಹೆಚ್ಚು ಹೆದರುವುದು ಎತ್ತಿದ ದನಿಗೆ. ಇಂದು ಅದನ್ನೇ ಕಾಯುತ್ತ ಕೂರಬೇಕಾಗಿತ್ತು.

ಅವರ ನಂಬರು ಕರೆದರು. ಮೇಜಿನ ಆಚೆ ಅಧಿಕಾರಿ ನಿರ್ಮಲಾ ಕನ್ನಡಕ ಸರಿಪಡಿಸಿಕೊಂಡು ಪತ್ರ ಓದಿದರು. ಪಕ್ಕದಲ್ಲಿ ಕ್ಯಾಮೆರಾ, ಹೆಬ್ಬೆರಳು ಒತ್ತುವ ಯಂತ್ರ. ಹಿಂದೆ ಸಾಲಿನಲ್ಲಿ ನಿಂತವರ ಗುಜುಗುಜು.

"ಈ ಮನಿಯೊಳಗಿನ ನಿಮ್ಮ ಹಕ್ಕು ತಮ್ಮಗ ಬಿಟ್ಟುಕೊಡಾಕ ಒಪ್ಪಿಗಿ ಐತೇನ್ರಿ?"

ಐತಿ ಎನ್ನುವುದು ನಾಲಿಗೆಯ ತುದಿಗೆ ಬಂದು ನಿಂತಿತು. ಪುಷ್ಪಾವತಿ ಹಲ್ಲು ಕಚ್ಚಿ ಹಿಡಿದಳು. ನಿರ್ಮಲಾ ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಕೇಳಿದರು. ಆಕೆ ಮೇಜಿನ ಮೇಲಿನ ಗುಂಡುಸೂಜಿ ಡಬ್ಬಿಯನ್ನೇ ನೋಡಿದಳು. ಕಿವಿ ಕೇಳಸ್ತಾವೇನು ಎಂದು ಅವರು ಕೊಟ್ರೇಶನನ್ನು ವಿಚಾರಿಸಿದರು. ಕೇಳಿಸುತ್ತವೆ, ಸ್ವಲ್ಪ ತಡ ಅಷ್ಟೇ ಎಂದು ಅವನು ಕರವಸ್ತ್ರದಿಂದ ಕತ್ತು ಒರೆಸಿಕೊಂಡ.

ರುದ್ರಮುನಿ ಕಿವಿಯ ಹತ್ತಿರ ಬಗ್ಗಿ, ಹೊರಗೆ ಹೇಳಿದಂಗ ಹೇಳ್ರಿ ಎಂದ. ಆಕೆ ಮಿಸುಕಲಿಲ್ಲ. ಅವನ ದನಿ ಏರಿತು.

"ಇಷ್ಟ ಹೇಳಿದ್ರೂ ತಿಳಿಯೂದಿಲ್ಲೇನು?"

ಇಲ್ಲೇನು ಬಂದಿತ್ತು, ಆದರೆ ಇದು ಆ ಇಲ್ಲೇನು ಅಲ್ಲ. ತಿಳಿಯೂದಿಲ್ಲ ಎಂದುಬಿಟ್ಟರೆ ತಿಳಿವಳಿಕೆಯಿಲ್ಲದವಳು ಎಂದು ಬರೆದುಕೊಳ್ಳುತ್ತಾರೆ, ಆಮೇಲೆ ಆಕೆಯ ಪರವಾಗಿ ಎಲ್ಲವನ್ನೂ ಕೊಟ್ರೇಶನೇ ಹೇಳಬಹುದು. ತಿಳಿ ಎಂಬುದು ಆಗಲೇ ತುಟಿಗೆ ಬಂದಿತ್ತು. ಕೆನ್ನೆಯ ಒಳಭಾಗವನ್ನು ಕಚ್ಚಿದಳು. ರಕ್ತದ ರುಚಿ ಬಂತು. ಹಿಂದೆ ಯಾರೋ, ಲಗೂ ಮುಗಸ್ರಿ, ಬಸ್ ತಪ್ಪತೈತಿ ಎಂದರು. ಕಣ್ಣಿನಲ್ಲಿ ನೀರು ತುಂಬಿತು, ಕಿವಿಯೊಳಗೆ ಗುಂಯ್ ಎನ್ನತೊಡಗಿತು. ಇನ್ನೊಂದು ನಿಮಿಷ ಹೀಗೆಯೇ ಹೋದರೆ ಯಾವ ಪ್ರಶ್ನೆ ಬಂದರೂ ಬಾಯಿ ಅದನ್ನು ಒಪ್ಪಿಸಿಬಿಡುತ್ತದೆ ಎಂದು ಆಕೆಗೆ ಗೊತ್ತಿತ್ತು.

ಕೊಟ್ರೇಶ ಮೇಜಿಗೆ ಕೈಯೂರಿ ಆಕೆಯ ಕಡೆ ತಿರುಗಿದ. ನಾಲ್ಕು ಜನರ ಮುಂದೆ ಮರ್ಯಾದೆ ಹೋಗುತ್ತಿತ್ತಲ್ಲ, ಮುಖ ಕೆಂಪೇರಿತ್ತು.

"ಯಾಕ ಹಿಂಗ ಮಾಡಾಕತ್ತಿ? ಒಪ್ಪಿಗಿ ಇಲ್ಲೇನು?"

"ಒಪ್ಪಿಗಿ ಇಲ್ಲ."

ಇಡೀ ಕೋಣೆಗೆ ಕೇಳಿಸಿತು. ನಿರ್ಮಲಾ ಪತ್ರವನ್ನು ಬದಿಗೆ ಸರಿಸಿದರು. ಕೊಟ್ರೇಶ ಗಾಬರಿಯಾಗಿ, ಅದು ಆಕೆಯ ಮಾತಲ್ಲ, ಕೇಳಿದ್ದನ್ನೇ ತಿರುಗಿ ಅನ್ನುತ್ತಾಳೆ, ಹುಟ್ಟಿದಾಗಿನಿಂದ ಹಾಗೆಯೇ ಎಂದು ಒಂದೇ ಉಸಿರಿನಲ್ಲಿ ಹೇಳಿದ. ಹೊರಗೆ ಐತಿ ಅಂದಾರ್ರಿ ಎಂದು ರುದ್ರಮುನಿ ದನಿಗೂಡಿಸಿದ.

"ಹಂಗಾದ್ರ ಹೊರಗ ಅಂದದ್ದೂ ಇವರ ಮಾತಲ್ಲ," ಎಂದರು ನಿರ್ಮಲಾ.

ಇವರ ಖರೇ ಮಾತು ಯಾವುದೆಂದು ತಿಳಿಯುವುದು ಹೇಗೆ ಎಂದು ಅವರು ಕೊಟ್ರೇಶನನ್ನೇ ಕೇಳಿದರು. ಗೊತ್ತಿಲ್ಲ ಅಂದುಬಿಡ್ರಿ, ಡಾಕ್ಟರ್ ಚೀಟಿ ತಂದು ಬ್ಯಾರೆ ದಾರಿ ನೋಡೂಣು ಎಂದು ರುದ್ರಮುನಿ ಅವನ ಕಿವಿಯಲ್ಲಿ ಪಿಸುಗುಟ್ಟಿದ್ದು ಪುಷ್ಪಾವತಿಗೂ ಕೇಳಿಸಿತು.

ಕೊಟ್ರೇಶನಿಗೆ ಗೊತ್ತಿತ್ತು. ಅವನಿಗೆ ಗೊತ್ತಿದೆಯೆಂದು ಆಕೆಗೂ ಗೊತ್ತಿತ್ತು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು: ರೊಟ್ಟಿ ಉಣತೀಯೋ, ಅನ್ನ ಉಣತೀಯೋ? ಅನ್ನ ಎಂದರೆ ಅವ್ವ ನಂಬುತ್ತಿರಲಿಲ್ಲ. ತಿರುವಿ ಕೇಳುತ್ತಿದ್ದಳು: ಅನ್ನ ಉಣತೀಯೋ, ರೊಟ್ಟಿ ಉಣತೀಯೋ? ಕೇಳಿ, ಮಗಳ ಮುಖ ನೋಡದೆ, ರೊಟ್ಟಿ ಬಡಿದು ಮುಗಿಯುವ ತನಕ ಕಾಯುತ್ತಿದ್ದಳು. ಎರಡು ಸಲವೂ ಒಂದೇ ಬಂದರೆ ಅದು ಪುಷ್ಪಾಳ ಮಾತು. ಕೊಟ್ರೇಶ ಪಕ್ಕದಲ್ಲೇ ತಟ್ಟೆ ಹಿಡಿದು ಕುಳಿತಿರುತ್ತಿದ್ದ.

ಈಗ ಅವನು ಗೊತ್ತಿಲ್ಲ ಎಂದರೆ ಮುಗಿಯಿತು. ಕೇಳಲು ಅವ್ವನೂ ಇಲ್ಲ.

"ತಿರುವಿ ಕೇಳಬೇಕ್ರಿ," ಎಂದ ಕೊಟ್ರೇಶ, ನೆಲ ನೋಡುತ್ತ. "ಎರಡು ಸಲ."

ನೀವೇ ಕೇಳಿರಿ ಎಂದರು ನಿರ್ಮಲಾ. ಅವನು ಕುರ್ಚಿ ಎಳೆದುಕೊಂಡು ಅಕ್ಕನ ಪಕ್ಕ ಕುಳಿತ.

"ಅಕ್ಕಾ, ಮನಿ ಕೊಡೂದೋ, ಇಟ್ಟಕೊಳ್ಳೂದೋ?"

"ಇಟ್ಟಕೊಳ್ಳೂದು."

ಅದು ಸುಲಭ, ಬಾಲವೇ ಅದು. ಅವನು ಪ್ರಶ್ನೆಯನ್ನು ತಿರುವಿದ.

"ಮನಿ ಇಟ್ಟಕೊಳ್ಳೂದೋ, ಕೊಡೂದೋ?"

ಕೊಡೂದು ಎಂಬುದು ಗಂಟಲಿಗೆ ನುಗ್ಗಿತು. ಆಕೆ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಕೊಡೂದು, ಹೌದಲ್ಲ ಎಂದು ಕೊಟ್ರೇಶ ಒಂದು ಸಲ ತಳ್ಳಿದ್ದರೆ ಸಾಕಿತ್ತು, ಆಕೆ ಬಿದ್ದುಬಿಡುತ್ತಿದ್ದಳು. ಅವನು ತಳ್ಳಲಿಲ್ಲ. ಆಕೆಯ ಮುಖದಿಂದ ಕಣ್ಣು ತೆಗೆದು ಗೋಡೆಯ ಕಡೆ ನೋಡಿದ. ಅವನ ಅಂಗೈ ತೊಡೆಯ ಮೇಲೆ ಮೆಲ್ಲಗೆ ಬಡಿಯತೊಡಗಿತು, ತಪ್ ತಪ್ ತಪ್, ಅವ್ವ ರೊಟ್ಟಿ ಬಡಿದಂತೆ. ಅವನಿಗೇ ಅದರ ಅರಿವಿತ್ತೋ ಇಲ್ಲವೋ.

ಒಂದು ರೊಟ್ಟಿಯ ಹೊತ್ತು ಹೋಯಿತು. ಇನ್ನೊಂದರದೂ ಹೋಯಿತು. ಪುಷ್ಪಾವತಿ ಬಾಯಿಂದ ಕೈ ತೆಗೆದಳು.

"ಇಟ್ಟಕೊಳ್ಳೂದು."

ನಿರ್ಮಲಾ ಪತ್ರದ ಮೇಲೆ ಅಡ್ಡಗೆರೆ ಎಳೆದರು. ಕೊಟ್ರೇಶ ಗೋಡೆಯಿಂದ ಕಣ್ಣು ತೆಗೆಯಲಿಲ್ಲ. ಅಂಗೈ ಇನ್ನೂ ಬಡಿಯುತ್ತಲೇ ಇತ್ತು. ಆಕೆ ಅದರ ಮೇಲೆ ತನ್ನ ಕೈಯಿಟ್ಟು ನಿಲ್ಲಿಸಿದಳು.

"ನೀ ಮನಿಗೆ ಬರತಿರು," ಎಂದಳು.

ಅದು ಯಾರು ಕೇಳಿದ ಪ್ರಶ್ನೆಯ ಬಾಲವೂ ಆಗಿರಲಿಲ್ಲ.